ನ್ಯಾಯಾಲಯದ ಕಡತ ಮತ್ತು ವ್ಯಾಪಾರದ ಗೌಪ್ಯ

ದೀಪಾವಳಿಯ ಲಕ್ಷ್ಮೀಪೂಜೆಯಂದು ಅಂಗಡಿಯ ಗಾದಿಯ ಮೇಲೆ ಹೊಸ ಕಿರ್ದಿ ಪುಸ್ತಕವನ್ನಿಟ್ಟು, ಅರಿಷಿಣ-ಕುಂಕುಮ ಏರಿಸಿ, ಮೊದಲ ಪುಟದಲ್ಲಿ ಶ್ರೀಕಾರ ಬರೆಯುವ ಪದ್ಧತಿ ಉತ್ತರ ಕರ್ನಾಟಕದ ವರ್ತಕರಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ಲೆಕ್ಕಪತ್ರವೆಲ್ಲ ಗಣಕಯಂತ್ರಕ್ಕೆ ಹೋದ ಮೇಲೂ ಅನೇಕ ಅಂಗಡಿಗಳು ಈ ಪೂಜೆಯನ್ನು ಬಿಟ್ಟಿಲ್ಲ. ಆ ಪುಸ್ತಕವನ್ನು ಬಂಧು-ಬಳಗದೆದುರು ಇಟ್ಟು ಪೂಜಿಸುವರು. ಆದರೆ ತೆರೆದು ಓದಲು ಹೊರಗಿನವರಿಗೆ ಕೊಡುವುದಿಲ್ಲ. ಯಾರಿಂದ ಎಷ್ಟಕ್ಕೆ ಕೊಂಡರು, ಯಾರಿಗೆ ಎಷ್ಟಕ್ಕೆ ಮಾರಿದರು, ಯಾರಿಗೆ ಎಷ್ಟು ದಿನದ ಉದ್ರಿ ಕೊಟ್ಟರು ಎಂಬುದೆಲ್ಲ ಅದರಲ್ಲಿರುತ್ತದೆ. ವರ್ತಕನ ಬಂಡವಾಳವೆಂದರೆ ಪೆಟ್ಟಿಗೆಯಲ್ಲಿರುವ ಹಣವಷ್ಟೇ ಅಲ್ಲ, ಈ ತಿಳಿವಳಿಕೆಯೂ ಹೌದು.

ಇದೇ ಪುಸ್ತಕ ಒಂದು ವ್ಯಾಜ್ಯದ ಕಾರಣದಿಂದ ನ್ಯಾಯಾಲಯದ ಮೆಟ್ಟಿಲೇರಿದಾಗ ಅದರ ಸ್ಥಿತಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ವ್ಯಾಪಾರಸ್ಥರು ಬಹುಮಟ್ಟಿಗೆ ದಾವೆ ಹೂಡಿದ ನಂತರವೇ ಕೇಳಿಕೊಳ್ಳುತ್ತಾರೆ. ಆ ಹೊತ್ತಿಗೆ ತಡವಾಗಿರುತ್ತದೆ. ಈ ವಿಷಯದಲ್ಲಿ ದಿಲ್ಲಿ, ಮುಂಬಯಿಗಳ ದೊಡ್ಡ ಕಂಪನಿಗಳಿಗೆ ದೊರೆಯುವ ರಕ್ಷಣೆ ತಾಲೂಕು ಸ್ಥಳದ ಸಣ್ಣ ವರ್ತಕನಿಗೂ ದೊರೆಯಬೇಕು. ಆದರೆ ಆ ರಕ್ಷಣೆ ವ್ಯಾಜ್ಯವನ್ನೇ ಬಚ್ಚಿಡುವ ಮಟ್ಟಕ್ಕೆ ಹೋಗಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ದಾರಿ ಇದೆ.

ಇಟಗಿಯ ಒಂದು ಕಲ್ಪಿತ ಉದಾಹರಣೆ

ಭೀಮಾಂಬಿಕಾ ದೇವಿಯ ಕ್ಷೇತ್ರವೆಂದು ಹೆಸರಾದ ಇಟಗಿಯಲ್ಲಿ ಹೆಸರು, ಕಡಲೆ, ಹತ್ತಿ ಕೊಂಡು ಮಾರುವ ಒಬ್ಬ ವರ್ತಕನಿದ್ದಾನೆಂದು ಕಲ್ಪಿಸಿಕೊಳ್ಳಬಹುದು. ಅವನು ಹೊರ ಊರಿನ ಒಬ್ಬ ದೊಡ್ಡ ಖರೀದಿದಾರನಿಗೆ ಮಾಲು ಕಳಿಸಿದ್ದಾನೆ. 8 ಲಕ್ಷ ರೂಪಾಯಿ ಬರಬೇಕಾಗಿದೆ. ಖರೀದಿದಾರನು ದರದ ಬಗೆಗೆ, ಮಾಲಿನ ಗುಣಮಟ್ಟದ ಬಗೆಗೆ ತಕರಾರು ತೆಗೆದು ಹಣ ತಡೆಹಿಡಿಯುತ್ತಾನೆ. ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮ 2015ರಲ್ಲಿ ಜಾರಿಗೆ ಬಂದಾಗ ನಿಗದಿತ ಮೌಲ್ಯ 1 ಕೋಟಿ ರೂಪಾಯಿ ಇದ್ದಿತು. 2018ರ ತಿದ್ದುಪಡಿಯು ಅದನ್ನು 3 ಲಕ್ಷಕ್ಕೆ ಇಳಿಸಿತು. ಆದಕಾರಣ ಇಟಗಿಯ ಈ ವ್ಯಾಜ್ಯವೂ ವಾಣಿಜ್ಯ ವ್ಯಾಜ್ಯವೇ ಆಗುತ್ತದೆ.

ಈ ಅಧಿನಿಯಮವು ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶವನ್ನು ವಾಣಿಜ್ಯ ದಾವೆಗಳ ಮಟ್ಟಿಗೆ ಹೊಸದಾಗಿ ಬರೆದಿದೆ. ಅದರ ಪ್ರಕಾರ ವಾದಿಯು ವ್ಯಾಜ್ಯಕ್ಕೆ ಸಂಬಂಧಿಸಿದ, ತನ್ನ ವಶದಲ್ಲಿರುವ ಎಲ್ಲ ದಸ್ತಾವೇಜುಗಳನ್ನು, ಅವು ತನ್ನ ಪರವಾಗಿರಲಿ ವಿರುದ್ಧವಾಗಿರಲಿ, ದಾವೆಯೊಂದಿಗೇ ಹಾಜರುಪಡಿಸಿ, ಬೇರೇನನ್ನೂ ಮುಚ್ಚಿಟ್ಟಿಲ್ಲವೆಂದು ಪ್ರಮಾಣ ಮಾಡಬೇಕು. ವಿಳಂಬವನ್ನು ತಪ್ಪಿಸುವ ಸದುದ್ದೇಶ ಇದರ ಹಿಂದಿದೆ. ಇದಕ್ಕೆ ಇನ್ನೊಂದು ಒತ್ತಡವೂ ಸೇರುತ್ತದೆ. ಲೆಕ್ಕದ ಪುಸ್ತಕದ ನಮೂದು ಸಾಕ್ಷ್ಯವಾಗಬಹುದು, ಆದರೆ ಅದೊಂದೇ ಯಾರ ಮೇಲೂ ಬಾಕಿಯನ್ನು ಹೊರಿಸಲು ಸಾಲದು ಎಂಬುದು 1872ರ ಸಾಕ್ಷ್ಯ ಅಧಿನಿಯಮದ 34ನೇ ಕಲಮಿನ ನಿಯಮವಾಗಿದ್ದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಮಿನಲ್ಲಿಯೂ ಅದೇ ಮುಂದುವರೆದಿದೆ. ಒಂದು ನಮೂದು ಸಾಲದೆಂಬ ಭಯಕ್ಕೆ ವರ್ತಕನು ಇಡೀ ವರ್ಷದ ಖಾತೆಯನ್ನೇ ತಂದು ಲಗತ್ತಿಸುತ್ತಾನೆ.

ಹೀಗೆ ಲಗತ್ತಿಸಿದ ಖಾತೆಯಲ್ಲಿ ಎದುರಾಳಿಯ ಲೆಕ್ಕ ಮಾತ್ರ ಇರುವುದಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಯಾವ ರೈತರಿಂದ ಯಾವ ದರಕ್ಕೆ ಕೊಂಡದ್ದು, ಬೇರೆ ಖರೀದಿದಾರರಿಗೆ ಎಷ್ಟು ರಿಯಾಯಿತಿ ಕೊಟ್ಟದ್ದು, ಬ್ಯಾಂಕಿನ ಸಾಲ ಎಷ್ಟೆಂಬುದು, ಎಲ್ಲವೂ ಇರುತ್ತದೆ. ಎದುರಾಳಿಯು ಅದೇ ಪೇಟೆಯ ವ್ಯಾಪಾರಿ. ಮುಂದಿನ ಹಂಗಾಮಿನಲ್ಲಿ ಅವನು ಇಟಗಿಯ ವರ್ತಕನನ್ನು ಬದಿಗಿಟ್ಟು ನೇರವಾಗಿ ಆ ಪೂರೈಕೆದಾರರ ಬಾಗಿಲಿಗೆ ಹೋಗಬಲ್ಲನು. ವರ್ತಕನು 8 ಲಕ್ಷದ ದಾವೆಯಲ್ಲಿ ಗೆದ್ದು, ಹತ್ತು ವರ್ಷಗಳಲ್ಲಿ ಕಟ್ಟಿದ ವ್ಯಾಪಾರವನ್ನು ಕಳೆದುಕೊಳ್ಳುತ್ತಾನೆ. ಇದನ್ನು ಮೊದಲೇ ಊಹಿಸಿದ ವರ್ತಕನು ದಾವೆಯನ್ನೇ ಹೂಡದೆ ಬಾಕಿಯನ್ನು ಮುಳುಗಿದ ಖಾತೆಗೆ ಬರೆದು ಸುಮ್ಮನಾಗುತ್ತಾನೆ. ನ್ಯಾಯಾಲಯದ ಬಾಗಿಲು ಕಾನೂನಿನ ದೃಷ್ಟಿಯಲ್ಲಿ ತೆರೆದಿದ್ದರೂ ಅವನ ಪಾಲಿಗೆ ಮುಚ್ಚಿದಂತೆಯೇ ಆಗುತ್ತದೆ.

ಗಜೇಂದ್ರಗಡದ ನೇಕಾರಿಕೆಯಲ್ಲಿ ಬಣ್ಣದ ಪಾಕ, ಸಂಕರಣ ಬೀಜದ ವ್ಯವಹಾರದಲ್ಲಿ ಮೂಲ ತಳಿಗಳ ಗುರುತು, ಮುದ್ರಣ ಹಾಗೂ ಯಂತ್ರೋದ್ಯಮದಲ್ಲಿ ವೆಚ್ಚದ ವಿಂಗಡಣೆ, ಹೀಗೆ ಪ್ರತಿಯೊಂದು ಉದ್ಯೋಗಕ್ಕೂ ತನ್ನದೇ ಆದ ಗುಟ್ಟು ಇದ್ದೇ ಇದೆ. ನೌಕರಿ ಬಿಟ್ಟ ಕೆಲಸಗಾರನು ಆ ಗುಟ್ಟನ್ನು ಒಯ್ದನೆಂದು ದಾವೆ ಹೂಡುವ ಮಾಲೀಕನ ಸಂಕಟ ಇನ್ನೂ ವಿಚಿತ್ರವಾದುದು. ಕದ್ದ ಗುಟ್ಟು ಯಾವುದೆಂದು ಹೇಳದೆ ದಾವೆ ನಿಲ್ಲದು. ಹೇಳಿದರೆ ಗುಟ್ಟು ಉಳಿಯದು.

ಗಜೇಂದ್ರಗಡಕರರ ತೀರ್ಪು

ಈ ಪ್ರಶ್ನೆಯ ಬಗೆಗೆ ಭಾರತದ ಸರ್ವೋಚ್ಚ ನ್ಯಾಯಾಲಯದ ಮೂಲ ತೀರ್ಪನ್ನು ಬರೆದವರ ಮನೆತನದ ಹೆಸರಿನಲ್ಲಿಯೇ ಈ ಸೀಮೆಯ ಊರಿದೆ. ಮುಖ್ಯ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರು 1901ರಲ್ಲಿ ಹುಟ್ಟಿದ್ದು ಸಾತಾರೆಯಲ್ಲಿ. ಆದರೆ ಅವರ ಪೂರ್ವಜರು ಗಜೇಂದ್ರಗಡದಿಂದ ಅಲ್ಲಿಗೆ ಹೋದವರು. ಅವರ ಕಾಲೇಜು ಶಿಕ್ಷಣದ ಮೊದಲ ವರ್ಷಗಳು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಳೆದವು. 1964ರ ಫೆಬ್ರುವರಿಯಿಂದ 1966ರ ಮಾರ್ಚ್ 15ರ ವರೆಗೆ ಅವರು ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ನಿವೃತ್ತಿಗೆ ಎರಡು ವಾರವೂ ಉಳಿಯದಿದ್ದಾಗ, 1966ರ ಮಾರ್ಚ್ 3ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠದ ಪರವಾಗಿ ಬಹುಮತದ ಮುಖ್ಯ ತೀರ್ಪನ್ನು ಅವರು ನೀಡಿದರು. ಅದೇ ನರೇಶ ಶ್ರೀಧರ ಮಿರಜಕರ ವಿರುದ್ಧ ಮಹಾರಾಷ್ಟ್ರ ರಾಜ್ಯ ಎಂಬ ಪ್ರಕರಣ.

ಪ್ರಕರಣದ ಹಿನ್ನೆಲೆ ಹೀಗಿದೆ. ಮುಂಬಯಿಯ ಒಬ್ಬ ಜವಳಿ ಉದ್ಯಮಪತಿಯು ‘ಬ್ಲಿಟ್ಜ್’ ವಾರಪತ್ರಿಕೆಯ ಸಂಪಾದಕ ಆರ್. ಕೆ. ಕರಂಜಿಯಾ ಅವರ ಮೇಲೆ ಮಾನನಷ್ಟದ ದಾವೆ ಹೂಡಿ 3 ಲಕ್ಷ ರೂಪಾಯಿ ಪರಿಹಾರ ಕೇಳಿದ್ದರು. ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ವಿ. ಎಂ. ತಾರ್ಕುಂಡೆ ಅವರೆದುರು ವಿಚಾರಣೆ ನಡೆದಾಗ ಒಬ್ಬ ಸಾಕ್ಷಿ ಒಂದು ವಿನಂತಿ ಮಾಡಿಕೊಂಡನು. ತನ್ನ ಹಿಂದಿನ ಸಾಕ್ಷ್ಯ ಪತ್ರಿಕೆಗಳಲ್ಲಿ ಪ್ರಕಟವಾದುದರಿಂದ ತನ್ನ ವ್ಯಾಪಾರಕ್ಕೆ ಹಾನಿಯಾಗಿದೆ, ಈ ಸಲದ ಸಾಕ್ಷ್ಯವನ್ನು ಪ್ರಕಟಿಸದಂತೆ ತಡೆಯಬೇಕು ಎಂಬುದು ಅವನ ಕೋರಿಕೆ. ನ್ಯಾಯಮೂರ್ತಿಗಳು 1964ರಲ್ಲಿ ಬಾಯಿಮಾತಿನಲ್ಲಿಯೇ ಹಾಗೆ ಆದೇಶಿಸಿದರು. ಪತ್ರಿಕಾ ವರದಿಗಾರರಾದ ಮಿರಜಕರ ಮತ್ತಿತರರು ಇದು ವಾಕ್ ಸ್ವಾತಂತ್ರ್ಯದ ಭಂಗವೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು.

ಗಜೇಂದ್ರಗಡಕರರ ತೀರ್ಪಿನಲ್ಲಿ ಎರಡು ಮಾತುಗಳು ಒಟ್ಟಿಗೇ ಬರುತ್ತವೆ. ನ್ಯಾಯಾಲಯದ ವಿಚಾರಣೆ ಸಾರ್ವಜನಿಕರೆದುರು ನಡೆಯಬೇಕೆಂಬುದು ಸಾಮಾನ್ಯ ನಿಯಮ. ಜನರ ಕಣ್ಣಿಗೆ ಬೀಳುವುದರಿಂದಲೇ ನ್ಯಾಯದಾನದಲ್ಲಿ ವಿಶ್ವಾಸ ನೆಲೆಗೊಳ್ಳುತ್ತದೆ. ಆದರೆ ಈ ನಿಯಮಕ್ಕಿಂತ ಮೇಲಿನ ಧ್ಯೇಯವೆಂದರೆ ನ್ಯಾಯ ದೊರಕಿಸುವುದೇ. ಬಹಿರಂಗ ವಿಚಾರಣೆಯಿಂದ ಆ ಧ್ಯೇಯಕ್ಕೇ ಧಕ್ಕೆ ಬರುವಂತಿದ್ದರೆ, ಸಂಹಿತೆಯ 151ನೇ ಕಲಮು ಗುರುತಿಸಿರುವ ಅಂತರ್ಗತ ಅಧಿಕಾರದಿಂದ ನ್ಯಾಯಾಲಯವು ಮಿತವಾದ ತಡೆಯನ್ನು ವಿಧಿಸಬಹುದು. ಮುಂಬಯಿಯ ಆದೇಶವನ್ನು ಬಹುಮತವು ವಿಚಾರಣೆ ನಡೆಯುವವರೆಗಿನ ತಾತ್ಕಾಲಿಕ ತಡೆಯೆಂದೇ ಅರ್ಥಮಾಡಿಕೊಂಡಿತು.

ಪೀಠದಲ್ಲಿ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಅವರೊಬ್ಬರೇ ಭಿನ್ನಮತ ಬರೆದರು. ಮುಕ್ತ ವಿಚಾರಣೆಯ ವರದಿಯನ್ನು ಹೀಗೆ ತಡೆಯುವುದು ವಾಕ್ ಸ್ವಾತಂತ್ರ್ಯಕ್ಕೆ ತಟ್ಟುತ್ತದೆ, ನ್ಯಾಯಾಧೀಶರ ಆದೇಶವೂ ಮೂಲಭೂತ ಹಕ್ಕಿನ ಒರೆಗಲ್ಲಿಗೆ ಹೊರತಲ್ಲ ಎಂಬುದು ಅವರ ನಿಲುವು. ಬಹುಮತವೇ ಕಾನೂನಾಯಿತೆಂಬುದು ನಿಜ. ಆದರೂ ಭಿನ್ನಮತದ ಆತಂಕವನ್ನು ವರ್ತಕ ಸಮುದಾಯ ಲಘುವಾಗಿ ಕಾಣಬಾರದು. ಆ ದಾವೆಯ ಮೂಲದಲ್ಲಿದ್ದುದು ದೊಡ್ಡ ಉದ್ಯಮವೊಂದರ ವ್ಯವಹಾರಗಳ ಬಗೆಗಿನ ಬಹಿರಂಗ ಆರೋಪ. ಅಂಥ ಪ್ರಕರಣದಲ್ಲಿ ಒಬ್ಬ ಸಾಕ್ಷಿಯ ವ್ಯಾಪಾರ ಕೆಟ್ಟೀತೆಂಬ ಒಂದೇ ಮಾತಿಗೆ, ಲಿಖಿತ ಕಾರಣವಿಲ್ಲದೆ, ಅವಧಿ ಹೇಳದೆ, ಬಾಯಿಮಾತಿನಲ್ಲಿ ತಡೆ ವಿಧಿಸಿದ್ದು ಸಮಾಧಾನಕರ ಕ್ರಮವಲ್ಲ. ನ್ಯಾಯಾಲಯಕ್ಕೆ ಅಧಿಕಾರವಿದೆ ಎಂಬುದನ್ನು ಆ ಪ್ರಕರಣ ಸ್ಥಾಪಿಸಿತು. ಅದನ್ನು ಚಲಾಯಿಸುವ ಕ್ರಮವನ್ನು ಬರೆದಿಡುವ ಕೆಲಸ ಬಾಕಿ ಉಳಿಯಿತು.

ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1913ರಲ್ಲಿ ಸ್ಕಾಟ್ ವಿರುದ್ಧ ಸ್ಕಾಟ್ ಪ್ರಕರಣದಲ್ಲಿ ಬಹಿರಂಗ ವಿಚಾರಣೆಯ ತತ್ತ್ವವನ್ನು ಬಲವಾಗಿ ಎತ್ತಿಹಿಡಿದಾಗಲೂ ಗುಪ್ತ ತಯಾರಿಕಾ ವಿಧಾನದ ವ್ಯಾಜ್ಯಗಳನ್ನು ಅಪವಾದವೆಂದು ಒಪ್ಪಿತ್ತು. ವಿಧಾನ ಬಯಲಾದರೆ ವ್ಯಾಜ್ಯದ ವಸ್ತುವೇ ನಾಶವಾಗುತ್ತದೆಂಬುದು ಅದರ ಕಾರಣ. ಭಾರತದಲ್ಲಿ 2012ರ ಸಹಾರಾ-ಸೆಬಿ ಪ್ರಕರಣ ಈ ವಿಚಾರವನ್ನು ಮತ್ತೆ ಎತ್ತಿತು. ಒಂದು ಪಕ್ಷದ ವಕೀಲರು ಇನ್ನೊಂದು ಪಕ್ಷದ ವಕೀಲರಿಗೆ ಕಳಿಸಿದ ಭದ್ರತೆಯ ಪ್ರಸ್ತಾಪ, ವಿಚಾರಣೆಗೆ ಮೊದಲೇ ಒಂದು ದೂರದರ್ಶನ ವಾಹಿನಿಯಲ್ಲಿ ಬಿತ್ತರವಾದುದು ಅದಕ್ಕೆ ಕಾರಣ. ಮುಖ್ಯ ನ್ಯಾಯಮೂರ್ತಿ ಎಸ್. ಎಚ್. ಕಪಾಡಿಯಾ ಅವರ ನೇತೃತ್ವದ ಐವರ ಪೀಠವು, ಪ್ರಕಟಣೆಯನ್ನು ಮುಂದೂಡುವ ಆದೇಶ ಸಾಧ್ಯ, ಆದರೆ ಅದು ಅವಶ್ಯವಿದ್ದಾಗ ಮಾತ್ರ, ಪ್ರಮಾಣ ಮೀರದೆ, ಅಲ್ಪ ಅವಧಿಗೆ ಇರಬೇಕೆಂದು ವಿಧಿಸಿತು.

ಹಳೆಯ ಸಂಹಿತೆಯ ಜಾಣತನ

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ರಚಿಸಿದವರಿಗೆ ಅಂಗಡಿಯ ಕಿರ್ದಿಯ ಬೆಲೆ ಗೊತ್ತಿತ್ತೆಂದು ತೋರುತ್ತದೆ. ಅದರ 7ನೇ ಆದೇಶದ 17ನೇ ನಿಯಮದಂತೆ, ಅಂಗಡಿ ಪುಸ್ತಕದ ನಮೂದಿನ ಆಧಾರದ ಮೇಲೆ ದಾವೆ ಹೂಡುವ ವಾದಿಯು ಪುಸ್ತಕವನ್ನೂ ಆ ನಮೂದಿನ ನಕಲನ್ನೂ ಒಟ್ಟಿಗೆ ತರುತ್ತಾನೆ. ನ್ಯಾಯಾಲಯವು ಮೂಲಕ್ಕೆ ಗುರುತು ಹಾಕಿ, ನಕಲನ್ನು ಹೋಲಿಸಿ, ಸರಿಯಿದ್ದರೆ ದೃಢೀಕರಿಸಿ, ಪುಸ್ತಕವನ್ನು ಅವನ ಕೈಗೆ ಮರಳಿಸಿ ನಕಲನ್ನು ಮಾತ್ರ ಕಡತಕ್ಕೆ ಸೇರಿಸಬೇಕು. ಎಂದರೆ ಕಡತದಲ್ಲಿ ಉಳಿಯುವುದು ವ್ಯಾಜ್ಯದ ನಮೂದು. ಉಳಿದ ಪುಟಗಳು ಅಂಗಡಿಗೆ ಹಿಂದಿರುಗುತ್ತವೆ. ಅದೇ ಸಂಹಿತೆಯ 11ನೇ ಆದೇಶದ 19ನೇ ನಿಯಮವು, ಎದುರಾಳಿ ವ್ಯಾಪಾರದ ಪುಸ್ತಕಗಳ ಪರಿಶೀಲನೆ ಕೇಳಿದಾಗ, ಮೂಲವನ್ನು ತೋರಿಸುವ ಬದಲು ಸಂಬಂಧಪಟ್ಟ ನಮೂದುಗಳ ಪ್ರಮಾಣೀಕೃತ ನಕಲನ್ನು ಕೊಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ.

7ನೇ ಆದೇಶದ ನಿಯಮ ಇಂದಿಗೂ ಇದೆ. ಆದರೆ ವಾಣಿಜ್ಯ ದಾವೆಗಳಿಗಾಗಿ ಹೊಸದಾಗಿ ಬರೆದ 11ನೇ ಆದೇಶದಲ್ಲಿ ವ್ಯಾಪಾರ ಪುಸ್ತಕಗಳ ಕುರಿತ ಆ ಹಳೆಯ ಏರ್ಪಾಡನ್ನು ಹೆಸರಿಸಿ ಉಳಿಸಿಕೊಂಡಿಲ್ಲ. ವ್ಯಾಪಾರ ವ್ಯಾಜ್ಯಗಳಿಗೆಂದೇ ಮಾಡಿದ ಕಾನೂನಿನಲ್ಲಿ ವ್ಯಾಪಾರಿಯ ಪುಸ್ತಕಕ್ಕಿದ್ದ ರಕ್ಷಣೆ ಬಿಟ್ಟುಹೋದದ್ದು ವಿಪರ್ಯಾಸವೇ ಸರಿ. ಮೂಲ ಸಂಹಿತೆಯ ಆಶಯವನ್ನು ಹೊಸ ಕ್ರಮಕ್ಕೆ ಮರಳಿ ತರುವುದು ಕ್ರಾಂತಿಕಾರಕ ಬೇಡಿಕೆಯೇನೂ ಅಲ್ಲ.

ಮಾಹಿತಿ ಹಕ್ಕಿನ ಕಾನೂನಿನೊಂದಿಗೆ ಹೋಲಿಸಿ ನೋಡಿದರೆ ಈ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಒಬ್ಬ ಉದ್ದಿಮೆದಾರನು ಸರಕಾರಿ ಕಚೇರಿಗೆ ಟೆಂಡರಿನೊಂದಿಗೆ ಕೊಟ್ಟ ವೆಚ್ಚದ ವಿವರವನ್ನು ಮೂರನೆಯವರು ಕೇಳಿದರೆ, 2005ರ ಮಾಹಿತಿ ಹಕ್ಕು ಅಧಿನಿಯಮದ 8(1)(ಡಿ) ಕಲಮು ವ್ಯಾಪಾರದ ಗೌಪ್ಯವನ್ನು ಕಾಯುತ್ತದೆ. ವಿಶಾಲ ಸಾರ್ವಜನಿಕ ಹಿತ ಇದ್ದಾಗ ಮಾತ್ರ ಬಿಟ್ಟುಕೊಡುತ್ತದೆ. ಗೌಪ್ಯವೆಂದು ಕೊಟ್ಟ ಮಾಹಿತಿಯನ್ನು ಬಹಿರಂಗಪಡಿಸುವ ವಿಚಾರವಿದ್ದರೆ 11ನೇ ಕಲಮಿನಂತೆ ಆ ಉದ್ದಿಮೆದಾರನಿಗೆ 5 ದಿನಗಳೊಳಗೆ ನೋಟೀಸು ಹೋಗಬೇಕು, ಅವನಿಗೆ ಹೇಳಿಕೆ ಸಲ್ಲಿಸಲು 10 ದಿನಗಳ ಅವಕಾಶವಿರಬೇಕು. ನ್ಯಾಯಾಲಯದ ಕಡತದ ನಕಲುಗಳಿಗೆ ಈ ದಾರಿ ಇಲ್ಲ. ಅವುಗಳನ್ನು ಆಯಾ ನ್ಯಾಯಾಲಯದ ನಿಯಮಗಳ ಮೂಲಕವೇ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚಿನಲ್ಲಿ ಗುಜರಾತ ಉಚ್ಚ ನ್ಯಾಯಾಲಯದ ಪ್ರಕರಣದಲ್ಲಿ ತೀರ್ಮಾನಿಸಿದೆ. ಆದುದರಿಂದ ರಕ್ಷಣೆಯೂ ನ್ಯಾಯಾಲಯದ ನಿಯಮಗಳಲ್ಲಿಯೇ ಬರಬೇಕಾಗುತ್ತದೆ. ಅದೇ ಅಂಕಿಗಳಿಗೆ ಕಚೇರಿಯ ಕಪಾಟಿನಲ್ಲಿ ದೊರೆಯುವ ಮರ್ಯಾದೆ ನ್ಯಾಯಾಲಯದ ದಫ್ತರಿನಲ್ಲಿಯೂ ದೊರೆಯಬೇಕು.

ಮುಚ್ಚಿದ ಲಕೋಟೆ ಬೇರೆ, ಗೌಪ್ಯ ಮಂಡಳಿ ಬೇರೆ

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಮೊಹರು ಎಂದೊಡನೆ ಅನೇಕರ ಮನಸ್ಸಿಗೆ ಬರುವುದು ಮುಚ್ಚಿದ ಲಕೋಟೆ. ಒಂದು ಪಕ್ಷವು ನ್ಯಾಯಾಧೀಶರಿಗೆ ಮಾತ್ರ ಕಾಗದ ತೋರಿಸಿ, ಎದುರು ಪಕ್ಷಕ್ಕೆ ತೋರಿಸದೆ, ಅದರ ಆಧಾರದ ಮೇಲೆ ತೀರ್ಪು ಪಡೆಯುವ ಕ್ರಮ ಅದು. ಮಲಯಾಳದ ಮೀಡಿಯಾ ಒನ್ ವಾಹಿನಿಯ ಪರವಾನಗಿ ಪ್ರಕರಣದಲ್ಲಿ 2023ರ ಏಪ್ರಿಲ್ 5ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಲಕೋಟೆಯ ಪದ್ಧತಿ ಸಹಜ ನ್ಯಾಯಕ್ಕೆ ಮಾರಕವೆಂದು ಕಟುವಾಗಿ ಹೇಳಿದೆ. ತನ್ನ ವಿರುದ್ಧ ಏನಿದೆಯೆಂದು ತಿಳಿಯದವನು ಉತ್ತರಿಸುವುದಾದರೂ ಹೇಗೆ? ವ್ಯಾಪಾರ ವ್ಯಾಜ್ಯದಲ್ಲಿಯೂ ಇಂಥ ಲಕೋಟೆಗೆ ಸ್ಥಾನವಿರಬಾರದು. ಇಂದು ಲಕೋಟೆ ಕೊಟ್ಟವನು ನಾಳೆ ಇನ್ನೊಬ್ಬರ ಲಕೋಟೆಯಿಂದ ಸೋಲಬಹುದೆಂಬುದನ್ನು ವರ್ತಕರು ಮರೆಯಬಾರದು.

ಇದಕ್ಕಿಂತ ಭಿನ್ನವಾದದ್ದು ದಿಲ್ಲಿ ಉಚ್ಚ ನ್ಯಾಯಾಲಯದ ಕ್ರಮ. ಅದರ 2018ರ ಮೂಲ ಶಾಖೆಯ ನಿಯಮಗಳಲ್ಲಿ ಗೌಪ್ಯ ಮಂಡಳಿಯ ಏರ್ಪಾಡಿದೆ. ವಾಣಿಜ್ಯ ದಾವೆಯ ಪಕ್ಷಗಾರರು ಗೌಪ್ಯ ದಸ್ತಾವೇಜನ್ನು ಆಧರಿಸುವುದಾದರೆ, ಪ್ರತಿಯೊಂದು ಪಕ್ಷದಿಂದ ಕಂಪನಿಯ ನೌಕರರಲ್ಲದ ಗರಿಷ್ಠ ಮೂವರು ವಕೀಲರು ಹಾಗೂ ಹೊರಗಿನ ಇಬ್ಬರು ತಜ್ಞರು ಇರುವ ಮಂಡಳಿಯನ್ನು ನ್ಯಾಯಾಲಯ ರಚಿಸಬಹುದು. ಅವರು ಮಾತ್ರ ಕಾಗದಗಳನ್ನು ನೋಡುತ್ತಾರೆ. ಕಾಗದಗಳು ಮೊಹರಾಗಿ ನ್ಯಾಯಾಲಯದ ವಶದಲ್ಲಿರುತ್ತವೆ. ಎದುರು ಪಕ್ಷದ ಪರವಾಗಿ ನೋಡುವವರು ಇರುವುದರಿಂದ ಉತ್ತರಿಸುವ ಹಕ್ಕು ಉಳಿಯುತ್ತದೆ. ನೋಡುವವರು ಪೇಟೆಯ ಸ್ಪರ್ಧಿಯಲ್ಲದ ಕಾರಣ ಗುಟ್ಟೂ ಉಳಿಯುತ್ತದೆ. ಅದೇ ನ್ಯಾಯಾಲಯದ 2022ರ ಬೌದ್ಧಿಕ ಸ್ವತ್ತಿನ ವಿಭಾಗದ ನಿಯಮಗಳು ಈ ಮಂಡಳಿಯನ್ನು ಮುಂದುವರೆಸಿವೆ; ಗೌಪ್ಯ ಭಾಗವನ್ನು ಅಳಿಸಿ ಉಳಿದುದನ್ನು ಕಡತದಲ್ಲಿಡುವುದಕ್ಕೂ ಅವಕಾಶ ಕೊಟ್ಟಿವೆ. ಭಾರತೀಯ ಸ್ಪರ್ಧಾ ಆಯೋಗವೂ ತನ್ನ 2009ರ ವಿನಿಯಮಗಳಲ್ಲಿ ಗೌಪ್ಯ ಕೋರುವವರು ಕಾರಣ ನೀಡಿ, ಗೌಪ್ಯವಲ್ಲದ ಪ್ರತಿಯನ್ನೂ ಸಲ್ಲಿಸಬೇಕೆಂಬ ಕ್ರಮವನ್ನಿಟ್ಟು, 2022ರಲ್ಲಿ ಗೌಪ್ಯ ವೃತ್ತದ ಏರ್ಪಾಡನ್ನು ಸೇರಿಸಿತು.

ಇಷ್ಟಾದರೂ ಇದರ ಪ್ರಯೋಜನ ಯಾರಿಗೆ ದೊರೆತಿದೆ? ಬಹುಮಟ್ಟಿಗೆ ಮೊಬೈಲ್ ತಯಾರಕರಿಗೆ, ಔಷಧ ಕಂಪನಿಗಳಿಗೆ. ಇಟಗಿಯ ವರ್ತಕನು ಪ್ರತಿ ಪಕ್ಷಕ್ಕೆ ಮೂವರು ವಕೀಲರನ್ನೂ ಇಬ್ಬರು ತಜ್ಞರನ್ನೂ ನೇಮಿಸುವಷ್ಟು ಸ್ಥಿತಿವಂತನಲ್ಲ. ಅವನ ದಾವೆ ನಡೆಯುವುದು ಜಿಲ್ಲಾ ಸ್ಥಳದಲ್ಲಿ. 3 ಲಕ್ಷಕ್ಕಿಂತ ಕಡಿಮೆಯದಾದರೆ ರೋಣದಂಥ ತಾಲೂಕು ಸ್ಥಳದಲ್ಲಿ. ಅಲ್ಲಿ ನ್ಯಾಯಾಧೀಶರಿಗೆ 151ನೇ ಕಲಮಿನ ಅಂತರ್ಗತ ಅಧಿಕಾರವಿದೆ. ವಿಚಾರಣಾ ಸ್ಥಳ ಮುಕ್ತ ನ್ಯಾಯಾಲಯವೆಂದು ಹೇಳುವ 153ಬಿ ಕಲಮಿನಲ್ಲಿಯೂ, ಅವಶ್ಯವೆನಿಸಿದಾಗ ಸಾರ್ವಜನಿಕರ ಪ್ರವೇಶವನ್ನು ನಿರ್ಬಂಧಿಸುವ ಅವಕಾಶವಿದೆ. ಆದರೆ ಸಂಹಿತೆಯಲ್ಲಿ ಅರ್ಜಿಯ ನಮೂನೆಯಿಲ್ಲ, ಮೊಹರಿನ ಕ್ರಮವಿಲ್ಲ, ಅವಧಿಯ ಮಾತಿಲ್ಲ. ಕೇಳುವ ವಕೀಲರಿಗೂ ಕೊಡುವ ನ್ಯಾಯಾಧೀಶರಿಗೂ ಕೈಗೆಟಕುವ ದಾರಿ ಬೇಕಾಗಿದೆ.

ಸಣ್ಣ ನ್ಯಾಯಾಲಯಕ್ಕೆ ಸರಳ ನಿಯಮ

ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮದ 18ನೇ ಕಲಮು, ಅಧಿಸೂಚನೆಯ ಮೂಲಕ ಪೂರಕ ಕಾರ್ಯವಿಧಾನ ನಿರ್ದೇಶನಗಳನ್ನು ಹೊರಡಿಸುವ ಅಧಿಕಾರವನ್ನು ಉಚ್ಚ ನ್ಯಾಯಾಲಯಕ್ಕೆ ಕೊಟ್ಟಿದೆ. ಇತರ ಸಿವಿಲ್ ದಾವೆಗಳಿಗೆ ಸಂಹಿತೆಯ 122ನೇ ಕಲಮಿನ ಕೆಳಗೆ ನಿಯಮ ಮಾಡಬಹುದು. ಸಂಸತ್ತಿನ ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. ಅಂಥ ನಿರ್ದೇಶನದಲ್ಲಿ ಐದು ಅಂಶಗಳು ಇದ್ದರೆ ಸಾಕು.

ಮೊದಲನೆಯದು, ಗೌಪ್ಯದ ಕೋರಿಕೆ ಬಾಬುವಾರು ಇರಬೇಕು. ಇಡೀ ಕಡತ ಗೌಪ್ಯವೆಂಬ ಅರ್ಜಿಯನ್ನು ಸ್ವೀಕರಿಸಬಾರದು. ಇಂಥ ಪುಟದ ಇಂಥ ಸಾಲು, ಅದು ಬಯಲಾದರೆ ಆಗುವ ನಷ್ಟ ಇಂಥದು, ಅದನ್ನು ಅಂಗಡಿಯಲ್ಲಿ ಇದುವರೆಗೆ ಗುಟ್ಟಾಗಿ ಕಾಪಾಡಿಕೊಂಡ ಬಗೆ ಇದು ಎಂದು ಪ್ರಮಾಣಪತ್ರದಲ್ಲಿ ಹೇಳಬೇಕು.

ಎರಡನೆಯದು, ಎರಡು ಪ್ರತಿಗಳನ್ನು ಸಲ್ಲಿಸಬೇಕು. ಪೂರ್ಣ ಪ್ರತಿ ಮೊಹರಿನಲ್ಲಿರಲಿ. ಗೌಪ್ಯ ಸಾಲುಗಳ ಮೇಲೆ ಮಸಿ ಬಳಿದ ಪ್ರತಿ ಅದೇ ದಿನ ಎಲ್ಲರಿಗೂ ಸಿಗುವ ಕಡತಕ್ಕೆ ಸೇರಲಿ. ಇದಕ್ಕೆ ಬೇಕಾದುದು ಒಂದು ನೆರಳಚ್ಚು ಯಂತ್ರ ಮತ್ತು ಒಂದು ಕಪ್ಪು ಲೇಖನಿ ಮಾತ್ರ.

ಮೂರನೆಯದು, ನ್ಯಾಯಾಧೀಶರು ನೋಡಿದ ಪ್ರತಿಯೊಂದು ಕಾಗದವನ್ನೂ ಎದುರು ಪಕ್ಷದ ಕನಿಷ್ಠ ಒಬ್ಬ ವಕೀಲರು ನೋಡಲೇಬೇಕು. ತಾವು ಕಂಡ ಅಂಕಿಗಳನ್ನು ಕಕ್ಷಿದಾರನಿಗೆ ತಿಳಿಸುವುದಿಲ್ಲವೆಂಬ ಮುಚ್ಚಳಿಕೆಯನ್ನು ಅವರು ಬರೆದುಕೊಡಬೇಕು. ಲೆಕ್ಕದ ಪ್ರಶ್ನೆ ತೊಡಕಾಗಿದ್ದರೆ ಎರಡೂ ಪಕ್ಷ ಒಪ್ಪುವ ಒಬ್ಬ ಸನ್ನದು ಲೆಕ್ಕಪರಿಶೋಧಕರು ಸಾಕು.

ನಾಲ್ಕನೆಯದು, ಮೊಹರಿಗೆ ಅವಧಿ ಇರಬೇಕು. ಒಂದು ಹಂಗಾಮಿನ ದರಪಟ್ಟಿ ಮೂರು ವರ್ಷಗಳ ನಂತರ ಗುಟ್ಟಾಗಿ ಉಳಿಯುವುದಿಲ್ಲ. ಬಣ್ಣದ ಪಾಕವಾದರೆ ದೀರ್ಘಕಾಲ ಉಳಿಯಬಹುದು. ಅವಧಿ ಮುಗಿದೊಡನೆ, ಮುಂದುವರಿಸಲು ಕಾರಣ ತೋರದಿದ್ದರೆ, ಮೊಹರು ತಾನಾಗಿಯೇ ತೆರೆಯಬೇಕು.

ಐದನೆಯದು, ತೀರ್ಪು ಬಹಿರಂಗವಾಗಿರಬೇಕು. ಯಾರ ಮೇಲೆ ಯಾರು ದಾವೆ ಹೂಡಿದರು, ಏಕೆ ಹೂಡಿದರು, ಯಾರು ಗೆದ್ದರು, ಯಾವ ಕಾರಣಕ್ಕೆ ಗೆದ್ದರು ಎಂಬುದು ಯಾರೂ ಓದುವಂತಿರಬೇಕು. ಅನಿವಾರ್ಯವಾದ ಅಂಕಿಗಳು ಮೊಹರಾದ ಅನುಬಂಧಕ್ಕೆ ಹೋಗಲಿ. ಆದೇಶಗಳೂ ತೀರ್ಪುಗಳೂ ಇ-ನ್ಯಾಯಾಲಯ ಯೋಜನೆಯಲ್ಲಿ ಅಂತರ್ಜಾಲಕ್ಕೆ ಏರುವ ಈ ದಿನಗಳಲ್ಲಿ ಇದು ವಿಶೇಷವಾಗಿ ಅವಶ್ಯಕ. ಹಿಂದೆ ಕಡತ ನೋಡಬೇಕಾದರೆ ನ್ಯಾಯಾಲಯದ ಊರಿಗೆ ಹೋಗಬೇಕಿತ್ತು. ಆ ದೂರವೇ ಒಂದು ರಕ್ಷಣೆಯಾಗಿತ್ತು. ಈಗ ಅದು ಉಳಿದಿಲ್ಲ.

ಯಾವುದಕ್ಕೆ ಮೊಹರು ಬೇಡ

ವರ್ತಕ ಸಮುದಾಯವು ರಕ್ಷಣೆ ಕೇಳುವಾಗ ತನ್ನ ಮೇಲೆ ತಾನೇ ಒಂದು ಮಿತಿಯನ್ನು ಹಾಕಿಕೊಂಡರೆ ಆ ಬೇಡಿಕೆಗೆ ತೂಕ ಬರುತ್ತದೆ. ಮುಜುಗರ ಬೇರೆ, ಗುಟ್ಟು ಬೇರೆ. ಹಣ ಕೊಡದೆ ತಪ್ಪಿಸಿಕೊಂಡ ಸಂಗತಿ, ತೂಕದಲ್ಲಿ ಮೋಸ, ಕಲಬೆರಕೆ, ತೆರಿಗೆಯ ವಂಚನೆ, ರೈತನಿಗೆ ಕೊಡಬೇಕಾದ ಬಾಕಿ, ಕೂಲಿಯವರ ಪಗಾರ, ಸಾರ್ವಜನಿಕ ಹಣದ ಗುತ್ತಿಗೆ ಇವುಗಳಿಗೆ ಗೌಪ್ಯದ ಹೊದಿಕೆ ಸಲ್ಲದು. ಒಬ್ಬ ದಲಾಲನು ಮೂರು ಊರುಗಳಲ್ಲಿ ಬಾಕಿ ಉಳಿಸಿಕೊಂಡಿದ್ದರೆ ಅದು ನಾಲ್ಕನೆಯ ಊರಿನ ವರ್ತಕನಿಗೆ ತಿಳಿಯಬೇಕು. ನ್ಯಾಯಾಲಯದ ತೆರೆದ ಕಡತವೇ ಅವನಿಗೆ ಎಚ್ಚರಿಕೆಯ ಗಂಟೆ. ಎಲ್ಲ ಕಡತಗಳಿಗೂ ಮೊಹರು ಬಿದ್ದರೆ ಮೊದಲು ಮೋಸಹೋಗುವವರು ಪ್ರಾಮಾಣಿಕ ವರ್ತಕರೇ. ಆದುದರಿಂದ ದುರುದ್ದೇಶದಿಂದ ಗೌಪ್ಯ ಕೋರಿದವರ ಮೇಲೆ ಖರ್ಚಿನ ಆದೇಶ ಮಾಡಿಸುವ ಮಾತೂ ನಿರ್ದೇಶನದಲ್ಲಿರಲಿ.

ಗೌಪ್ಯ ಬೇಕಿದ್ದರೆ ಪಂಚಾಯತಿಗೆ ಹೋಗಬಹುದಲ್ಲ ಎಂಬ ವಾದವೂ ಇದೆ. ಮಧ್ಯಸ್ಥಿಕೆ ಮತ್ತು ರಾಜಿ ಅಧಿನಿಯಮಕ್ಕೆ 2019ರಲ್ಲಿ ಸೇರಿದ 42ಎ ಕಲಮು ಮಧ್ಯಸ್ಥಿಕೆಯ ನಡವಳಿಯನ್ನು ಗೌಪ್ಯವೆಂದಿದೆ. ಆದರೆ ಮಧ್ಯಸ್ಥರ ತೀರ್ಪಿನ ಜಾರಿಗೆ ಅವಶ್ಯವಾದ ಬಹಿರಂಗಪಡಿಸುವಿಕೆ ಅದಕ್ಕೆ ಅಪವಾದ. ಸೋತವನು ಹಣ ಕೊಡದಿದ್ದರೆ ಕೊನೆಗೆ ಬರಬೇಕಾದುದು ನ್ಯಾಯಾಲಯಕ್ಕೇ. ಆದರೂ ಒಂದು ಒಳ್ಳೆಯ ಅವಕಾಶವನ್ನು ವರ್ತಕರು ಬಳಸಿಕೊಳ್ಳಬಹುದು. ತುರ್ತು ಪರಿಹಾರ ಬೇಡದ ವಾಣಿಜ್ಯ ದಾವೆಗೆ ಮೊದಲು 12ಎ ಕಲಮಿನ ಸಂಧಾನ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಆಗಸ್ಟಿನಲ್ಲಿ ಪಾಟೀಲ ಆಟೊಮೇಶನ್ ಪ್ರಕರಣದಲ್ಲಿ ಹೇಳಿದೆ. ಆ ಸಂಧಾನ ಫಲಿಸದಿದ್ದರೂ, ಮುಂದೆ ದಾವೆಯಲ್ಲಿ ಯಾವ ಕಾಗದಗಳನ್ನು ಗೌಪ್ಯವಾಗಿಡಬೇಕೆಂಬುದರ ಮೇಲೆ ಅಲ್ಲಿಯೇ ಲಿಖಿತ ಒಪ್ಪಂದ ಮಾಡಿಕೊಳ್ಳಲು ಅಡ್ಡಿಯಿಲ್ಲ.

ವ್ಯಾಪಾರಸ್ಥರು ಇಂದೇ ಮಾಡಬಹುದಾದ ಇತರ ಕೆಲಸಗಳೂ ಇವೆ. ವಕೀಲರ ಬಳಿ ಹೋಗುವ ಮೊದಲು ಎದುರಾಳಿಯ ಖಾತೆಯನ್ನು ಪ್ರತ್ಯೇಕ ಉತಾರೆಯಾಗಿ ತೆಗೆಯಬೇಕು. ಇಡೀ ಖತಾವಣಿಯನ್ನು ಒಯ್ದು ಕೊಡಬಾರದು. 7ನೇ ಆದೇಶದ 17ನೇ ನಿಯಮದಂತೆ ಪುಸ್ತಕ ಮರಳಿ ಪಡೆಯುವಂತೆ ವಕೀಲರಿಗೆ ನೆನಪಿಸಬೇಕು. ಮಾಲಿನ ಒಪ್ಪಂದದಲ್ಲಿಯೂ ನೌಕರರ ನೇಮಕಾತಿ ಪತ್ರದಲ್ಲಿಯೂ ಯಾವುದು ಗೌಪ್ಯ ಎಂಬುದನ್ನು ಮೊದಲೇ ಬರೆದಿಟ್ಟರೆ, ಮುಂದೆ ನ್ಯಾಯಾಲಯಕ್ಕೆ ಕಾರಣ ತೋರಿಸುವುದು ಸುಲಭವಾಗುತ್ತದೆ.

ಭಾರತವು 1995ರಿಂದ ಸದಸ್ಯವಾಗಿರುವ ವಿಶ್ವ ವ್ಯಾಪಾರ ಸಂಘಟನೆಯ ಟ್ರಿಪ್ಸ್ ಒಪ್ಪಂದದ 42ನೇ ವಿಧಿಯು, ನ್ಯಾಯಾಲಯದ ಕಾರ್ಯವಿಧಾನದಲ್ಲಿ ಗೌಪ್ಯ ಮಾಹಿತಿಯನ್ನು ಗುರುತಿಸಿ ರಕ್ಷಿಸುವ ಸಾಧನವಿರಬೇಕೆಂದು ಹೇಳುತ್ತದೆ. 22ನೇ ಕಾನೂನು ಆಯೋಗವು 2024ರ ಮಾರ್ಚಿನಲ್ಲಿ ತನ್ನ 289ನೇ ವರದಿಯೊಂದಿಗೆ ವ್ಯಾಪಾರ ರಹಸ್ಯಗಳ ರಕ್ಷಣೆಗೆ ಕರಡು ವಿಧೇಯಕವನ್ನೂ ನೀಡಿತು. ಶಿಫಾರಸು ತಾನಾಗಿಯೇ ಕಾನೂನಾಗುವುದಿಲ್ಲ. ಆದಕಾರಣ ರಾಜ್ಯದ ವಾಣಿಜ್ಯೋದ್ಯಮ ಸಂಸ್ಥೆಗಳು ಜಿಲ್ಲಾ ವಕೀಲರ ಸಂಘಗಳೊಡನೆ ಕೂಡಿ, ಮೇಲಿನ ಐದು ಅಂಶಗಳ ಒಂದು ಕರಡನ್ನು ಸಿದ್ಧಪಡಿಸಿ, 18ನೇ ಕಲಮಿನ ಕೆಳಗೆ ನಿರ್ದೇಶನ ಹೊರಡಿಸುವಂತೆ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಮನವಿ ಸಲ್ಲಿಸುವುದು ಉಚಿತ.

ಗಜೇಂದ್ರಗಡಕರರು 1966ರಲ್ಲಿ ಹೇಳಿದ ತತ್ತ್ವ ಇಂದಿಗೂ ಕಾನೂನು: ಬಾಗಿಲು ತೆರೆದಿರಬೇಕು, ನ್ಯಾಯಕ್ಕಾಗಿ ಅವಶ್ಯವಿದ್ದಷ್ಟೇ ಮರೆ ಇರಬೇಕು. ಆ ಮರೆಯ ಅಳತೆಯನ್ನು ಬರೆದಿಡುವ ಕೆಲಸ ಅರವತ್ತು ವರ್ಷಗಳಾಗುತ್ತ ಬಂದರೂ ಕೆಳ ಹಂತದ ನ್ಯಾಯಾಲಯಗಳ ಮಟ್ಟಕ್ಕೆ ಇಳಿದುಬಂದಿಲ್ಲ. ಅದು ಇಳಿದು ಬಂದಾಗ ಇಟಗಿಯ ವರ್ತಕನು 8 ಲಕ್ಷದ ತನ್ನ ಬಾಕಿಯನ್ನು ನಿರ್ಭಯವಾಗಿ ಕೇಳಬಲ್ಲನು. ಅವನ ದಾವೆ ಏನಾಯಿತೆಂಬುದು ಊರಿಗೆಲ್ಲ ತಿಳಿಯುವುದು. ಅವನ ಕಿರ್ದಿಯ ಉಳಿದ ಪುಟಗಳು ಮಾತ್ರ ಮುಂದಿನ ದೀಪಾವಳಿಗೂ ಅವನ ಗಾದಿಯ ಮೇಲೆಯೇ ಇರುವವು.